ಅಗಸೆಯಿಂದ ವೃತ್ತದವರೆಗೆ: ಬಡಾವಣೆಯ ಬೀದಿ ಮರುವಿನ್ಯಾಸದ ಜಾನಪದ ನೆಲೆಗಳು

ಗ್ರಾಮದ ಎಲ್ಲೆ, ಊರಬಾಗಿಲು ಹಾಗೂ ಕೂಡುದಾರಿಗಳನ್ನು ಕುರಿತು ನಮ್ಮ ಜಾನಪದ ಅಧ್ಯಯನಗಳಲ್ಲಿ ಚರ್ಚೆ ನಡೆದಿದೆ. ಆದರೆ ಈ ಪರಿಕಲ್ಪನೆಗಳು ನಗರದ ಬಡಾವಣೆಗಳಲ್ಲಿ ಯಾವ ರೂಪದಲ್ಲಿ ಉಳಿದಿವೆ, ಬೀದಿಗಳನ್ನು ಮರುವಿನ್ಯಾಸಗೊಳಿಸುವಾಗ ಅವುಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳತ್ತ ಗಮನ ಹರಿದಿರುವುದು ಕಡಿಮೆ. ಬೆಂಗಳೂರಿನ ಬಸವನಗುಡಿಯ ಗಾಂಧಿಬಜಾರನ್ನು ನಿದರ್ಶನವಾಗಿಟ್ಟುಕೊಂಡು ಇವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಊರಬಾಗಿಲಿನ ಪರಿಕಲ್ಪನೆ

ಉತ್ತರ ಕರ್ನಾಟಕದಲ್ಲಿ ಊರಬಾಗಿಲಿಗೆ ಅಗಸೆ ಅಥವಾ ಅಗಸಿ ಎಂಬ ಹೆಸರಿದೆ. ಅದು ಕೇವಲ ಕಲ್ಲುಮಣ್ಣಿನ ರಚನೆಯಲ್ಲ. ಕಾರಹುಣ್ಣಿಮೆಯಂದು ಶೃಂಗರಿಸಿದ ಎತ್ತುಗಳನ್ನು ಓಡಿಸಿ ಅಗಸೆಗೆ ಅಡ್ಡಲಾಗಿ ಕಟ್ಟಿದ ಕರಿಯನ್ನು ಹರಿಸುತ್ತಾರೆ. ಯಾವ ಬಣ್ಣದ ಎತ್ತು ಮುಂದಾಯಿತೆಂಬುದರ ಮೇಲೆ ಆ ವರ್ಷದ ಬೆಳೆಯನ್ನು ಊಹಿಸುತ್ತಾರೆ. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಊರಿನ ಕ್ಷೇಮವನ್ನು ಕರುಗಲ್ಲಿನೊಂದಿಗೆ ತಳಕುಹಾಕಿದ್ದಾರೆ. ಅರಳಿಕಟ್ಟೆಯು ದಾರಿಹೋಕನಿಗೆ ನೆರಳಾಗಿಯೂ ಊರಿನವರಿಗೆ ನ್ಯಾಯಪಂಚಾಯಿತಿಯ ನೆಲೆಯಾಗಿಯೂ ಒದಗಿದೆ.

ಕೂಡುದಾರಿಯ ಬಗೆಗಿನ ಜನಪದ ಭಾವನೆ ಇನ್ನೂ ಸಂಕೀರ್ಣವಾದುದು. ದೃಷ್ಟಿ ನೀವಾಳಿಸಿದ ವಸ್ತುಗಳನ್ನು ಮೂರುದಾರಿ ಸೇರುವಲ್ಲಿ ಹಾಕುವ ರೂಢಿ ಇಂದಿಗೂ ಇದೆ. ಅಲ್ಲಿ ಎಚ್ಚರದಿಂದ ಹೆಜ್ಜೆಯಿಡಬೇಕೆಂದು ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ವ್ಯಾಪಾರಕ್ಕೆ ಒದಗುವ ಸ್ಥಳವೂ ಅದೇ. ಬೆಂಗಳೂರಿನ ಸ್ಥಾಪನೆಯ ಐತಿಹ್ಯದಲ್ಲಿ ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಸಂಧಿಸುವ ಸ್ಥಳದಿಂದಲೇ ನೇಗಿಲು ಹೂಡಿದ ಎತ್ತುಗಳು ನಾಲ್ಕು ದಿಕ್ಕಿಗೆ ಹೊರಡುತ್ತವೆ. ಇದರ ಚಾರಿತ್ರಿಕತೆ ಪ್ರತ್ಯೇಕ ಪ್ರಶ್ನೆ. ಪೇಟೆಯ ಹುಟ್ಟನ್ನು ಜನಮನ ಕೂಡುದಾರಿಯಲ್ಲಿ ಗುರುತಿಸಿದೆ ಎಂಬುದು ಇಲ್ಲಿ ಮುಖ್ಯ. ಅಪಾಯ ಮತ್ತು ಸಂಪತ್ತು ಎರಡೂ ಕೂಡುವ ಎಡೆಯಾದ್ದರಿಂದ ಅಲ್ಲಿ ನಿಧಾನಿಸಬೇಕೆಂಬುದೇ ಈ ಆಚರಣೆ, ಐತಿಹ್ಯಗಳಿಂದ ಹೊರಡುವ ಅರ್ಥ.

ಬಡಾವಣೆಯ ಬೀದಿ

1898ರ ಪ್ಲೇಗಿನ ತರುವಾಯ ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ಗಾಳಿ, ಬೆಳಕು, ನೇರವಾದ ಅಡ್ಡರಸ್ತೆಗಳು ಈ ಬಡಾವಣೆಗಳ ಆದರ್ಶವಾಗಿದ್ದವು. ನಕ್ಷೆಗೆ ಜೀವ ತುಂಬಿದ್ದು ಮಾತ್ರ ಬೀದಿಯ ಬಳಕೆ. ಗಾಂಧಿಬಜಾರಿನಲ್ಲಿ ಹೂವು, ಹಣ್ಣು, ಪೂಜಾಸಾಮಗ್ರಿಗಳ ಮಾರಾಟ ನೆಲೆಗೊಂಡಿತು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಂತಹ ಉಪಾಹಾರಗೃಹಗಳು ಓದುಬರಹದವರ ಕೂಟಕ್ಕೆ ಎಡೆಯಾದವು. ಗೌರಿಹಬ್ಬದ ಮುನ್ನಾದಿನ ಮೊರ, ಬಾಗಿನದ ಸಾಮಾನು, ಬಾಳೆಕಂದುಗಳು ಬಂದಾಗ ಬೀದಿ ಸಂತೆಯಾಗುತ್ತದೆ. ಕಾರ್ತಿಕದ ಕಡೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ ಸೇರಿದಾಗ ರಸ್ತೆ ಜಾತ್ರೆಯ ಬಯಲಾಗುತ್ತದೆ. ಬಡಾವಣೆಯ ನಿಜವಾದ ಹೆಬ್ಬಾಗಿಲು ಇದು. ಇದಕ್ಕೆ ಕಮಾನಿಲ್ಲ, ಹೂವಿನ ಪರಿಮಳವೇ ಅದರ ಗುರುತು.

ಮರುವಿನ್ಯಾಸದ ಎರಡು ಮುಖಗಳು

ವಾಹನಗಳ ಸಂಖ್ಯೆ ಏರಿದಂತೆ ರಸ್ತೆ ಅಗಲಿಸುವುದು, ತಿರುವಿನ ಮೂಲೆಯನ್ನು ಸವರಿ ವಾಹನಕ್ಕೆ ವೇಗ ಒದಗಿಸುವುದು ಬಹುಕಾಲದ ಪದ್ಧತಿಯಾಗಿತ್ತು. ಇದರಿಂದ ಮೊದಲು ಹೋಗುತ್ತಿದ್ದುದು ಮರ ಮತ್ತು ಕಟ್ಟೆ. ಅದರ ಬದಲಿಗೆ ಬಡಾವಣೆಯ ಹೆಸರು ಹೊತ್ತ ಸ್ವಾಗತ ಕಮಾನು ಬರುತ್ತಿತ್ತು. ಈಚಿನ ವಿನ್ಯಾಸಶಾಸ್ತ್ರ ಇದಕ್ಕೆ ವಿರುದ್ಧವಾಗಿ ಯೋಚಿಸುತ್ತದೆ. ಮೂಲೆಯನ್ನು ಬಿಗಿಗೊಳಿಸಿದರೆ ವಾಹನ ನಿಧಾನಿಸುತ್ತದೆ, ಪಾದಚಾರಿ ದಾಟಬೇಕಾದ ದೂರವೂ ಕಡಿಮೆಯಾಗುತ್ತದೆ. ದಾಟುದಾರಿಯನ್ನು ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದರೆ ವೃದ್ಧರು ಇಳಿದು ಹತ್ತಬೇಕಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರು ಅಡೆತಡೆಯಿಲ್ಲದ ಅಗಲವನ್ನು ನಿಗದಿಪಡಿಸಿತು. ಕೂಡುದಾರಿಯಲ್ಲಿ ನಿಧಾನಿಸಬೇಕೆಂಬ ಜನಪದ ವಿವೇಕಕ್ಕೆ ತಂತ್ರಜ್ಞಾನ ಬೇರೆ ದಾರಿಯಿಂದ ಬಂದು ಸೇರಿದಂತಾಯಿತು.

ಆದರೂ ಸಮಸ್ಯೆ ಮುಗಿಯಲಿಲ್ಲ. 2023ರಲ್ಲಿ ಗಾಂಧಿಬಜಾರಿನ ಬೀದಿಯನ್ನು ಅಗೆದು ಪಾದಚಾರಿಗಳಿಗೆ ಅನುಕೂಲವಾಗುವಂತೆ ಮರುರೂಪಿಸುವ ಕಾಮಗಾರಿ ನಡೆದಾಗ ವ್ಯಾಪಾರಿಗಳಲ್ಲಿ ಆತಂಕ ಮೂಡಿತು. ವಾಹನ ನಿಲುಗಡೆ ಇಲ್ಲವಾದರೆ ಗಿರಾಕಿ ಬರುವರೇ ಎಂದು ಅಂಗಡಿಯವರು ಕೇಳಿದರು. ಕಾಮಗಾರಿ ಮುಗಿಯುವವರೆಗಿನ ಅನ್ನದ ಪ್ರಶ್ನೆ ಬೀದಿಬದಿಯವರದಾಗಿತ್ತು. ದಿನದ ಹೂವು ದಿನವೇ ಮಾರಾಟವಾಗಬೇಕು. ಕಾಮಗಾರಿಗೆ ಕಾಯುವ ಗುಣ ಅದಕ್ಕಿಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಈ ದೃಷ್ಟಿಯಿಂದ ಗಮನಾರ್ಹ. ಮಾರುವವರೂ ಕೊಳ್ಳುವವರೂ ಪರಂಪರೆಯಿಂದ ಸೇರುತ್ತ ಬಂದ ತಾಣವನ್ನು ಅದು ಸ್ವಾಭಾವಿಕ ಮಾರುಕಟ್ಟೆಯೆಂದು ಗುರುತಿಸುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿಬದಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ಇರಬೇಕೆಂದು ವಿಧಿಸುತ್ತದೆ. ರೂಢಿಯ ಹಕ್ಕಿಗೆ ಶಾಸನದ ಮಾನ್ಯತೆ ದೊರೆತಿರುವ ಅಪರೂಪದ ಸಂದರ್ಭವಿದು.

ಸಮಾರೋಪ

ಮರುವಿನ್ಯಾಸಕ್ಕೆ ಮೊದಲು ವಾಹನಗಳ ಗಣತಿ ನಡೆಸುವುದು ವಾಡಿಕೆ. ಅದರೊಡನೆ ಬೀದಿಯ ಪಂಚಾಂಗವೂ ಸಿದ್ಧವಾಗಬೇಕು. ಯಾವ ಹಬ್ಬಕ್ಕೆ ಯಾವ ಮೂಲೆಯಲ್ಲಿ ಯಾರು ಕೂರುತ್ತಾರೆ, ಉತ್ಸವ ಎಲ್ಲಿ ತಿರುಗುತ್ತದೆ, ಯಾವ ಮರದಡಿ ಹಿರಿಯರು ತಂಗುತ್ತಾರೆ ಎಂಬುದರ ದಾಖಲೆ ಅದರಲ್ಲಿರಬೇಕು. ಇದು ಕ್ಷೇತ್ರಕಾರ್ಯದಿಂದ ಮಾತ್ರ ದೊರೆಯುವ ಮಾಹಿತಿ; ಜಾನಪದ ವಿದ್ವಾಂಸರು ಇಲ್ಲಿ ತಮ್ಮ ಪಾಲಿನ ಕೆಲಸವನ್ನು ಮಾಡಬೇಕಾಗಿದೆ. ಕಮಾನು ಕಟ್ಟಿದ ಮಾತ್ರಕ್ಕೆ ಬಡಾವಣೆಗೆ ಬಾಗಿಲು ಬಂದಂತಾಗುವುದಿಲ್ಲ. ಬಂದವರು ಒಂದು ಗಳಿಗೆ ನಿಲ್ಲಲು ಎಡೆಯಿದ್ದಾಗಲೇ ಅದು ಹೆಬ್ಬಾಗಿಲೆನಿಸುತ್ತದೆ.