ಹಳೆ ಬೈಕಿಗೆ ಹೊಸ ಮುಂಗಾಲು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲುಗಳಲ್ಲಿ ಹಳೆ ಫೋರ್ಕ್ ಪೈಪು ಹಿಡಿದು ದಪ್ಪ, ಉದ್ದ ಅಳೆಯುವವರು ಕಾಣಸಿಗುತ್ತಾರೆ. ಅವರ ಮನೆಯಲ್ಲೊಂದು ಆರ್‌ಎಕ್ಸ್ 100 ಇರುತ್ತದೆ, ಇಲ್ಲವೇ ಅಪ್ಪ ಓಡಿಸಿದ ಯೆಜ್ಡಿಯೋ ಬುಲೆಟ್ಟೋ ಇರುತ್ತದೆ. ಎಂಜಿನ್ ಗಟ್ಟಿಯಾಗಿದೆ. ಬ್ರೇಕ್ ಮಾತ್ರ ಇವತ್ತಿನ ರಸ್ತೆಗೆ ಸಾಲದು.

1985ರಲ್ಲಿ ಬಂದ ಆರ್‌ಎಕ್ಸ್ 100 ನೋಡಿ. 98 ಸಿಸಿ, 11 ಕುದುರೆಶಕ್ತಿ, ಹಗುರವಾದ ಮೈ. ಇಂದಿಗೂ ಸಿಗ್ನಲ್ ಬಿಟ್ಟ ಕೂಡಲೇ ಚಿಮ್ಮುತ್ತದೆ. ನಿಲ್ಲಿಸಲು ಮುಂದಿರುವುದು ಪುಟ್ಟ ಡ್ರಮ್ ಬ್ರೇಕ್. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯ. ಮುಂದಿನವನು ಗಕ್ಕನೆ ನಿಂತರೆ ಹಳೆ ಡ್ರಮ್ಮಿನವನಿಗೆ ದಾರಿಯಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಗಾಡಿ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಹಾಗಾಗಿ ಕೈಹಾಕುವುದೂ ಅಲ್ಲಿಗೇ.

ಬರೀ ಡಿಸ್ಕ್ ತಂದು ಕೂರಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕ್ಯಾಲಿಪರ್ ಹಿಡಿದುಕೊಳ್ಳಲು ಫೋರ್ಕಿನ ಕೆಳಗಾಲಿನಲ್ಲಿ ಕಿವಿ ಬೇಕು. ಡ್ರಮ್ ಕಾಲದ ಫೋರ್ಕಿಗೆ ಅದಿಲ್ಲ. ಫೋರ್ಕ್ ಬದಲಾದರೆ ಅದನ್ನು ಹಿಡಿದಿಡುವ ಟೀ ಬದಲಾಗಬೇಕು, ಆಕ್ಸಲ್ ಬದಲಾಗಬೇಕು. ಕೊನೆಗೆ ಬೇರೊಂದು ಗಾಡಿಯ ಇಡೀ ಮುಂಗಾಲು ಸೆಟ್ಟಾಗಿ ಬರುತ್ತದೆ. ಈ ಕಸುಬಿನ ಕಷ್ಟ ಶುರುವಾಗುವುದು ಅಲ್ಲಿಂದ.

ಮೊದಲ ತೊಡಕು ಟೀಯ ನಡುವಿನ ಕಂಬ. ಚೆಸ್ಸಿಯ ಮುಂದಲೆಯಲ್ಲಿ ಅದು ಕೋನ್ ಸೆಟ್ ಮೇಲೆ ತಿರುಗುತ್ತದೆ. ಹೊಸ ಟೀಯ ಕಂಬ ಉದ್ದವೋ ಗಿಡ್ಡವೋ ದಪ್ಪವೋ ಇರುವುದೇ ಹೆಚ್ಚು. ಬಲ್ಲ ಮೆಕ್ಯಾನಿಕ್ ಎರಡೂ ಟೀಗಳ ಕಂಬಗಳನ್ನು ಪ್ರೆಸ್ಸಿಗೆ ಕೊಟ್ಟು ಹೊರಹಾಕಿ, ಹಳೆ ಕಂಬವನ್ನೇ ಹೊಸ ಟೀಗೆ ಬಿಗಿಯಾಗಿ ಕೂರಿಸುತ್ತಾನೆ. ಅಳತೆ ಕೂಡದಿದ್ದರೆ ಲೇತಿನಲ್ಲಿ ಬುಶ್ ಮಾಡಿಸುತ್ತಾನೆ. ಅವಸರದವನು ಕಂಬ ಕತ್ತರಿಸಿ ವೆಲ್ಡಿಂಗ್ ಹೊಡೆಸುತ್ತಾನೆ. ಓಡುವಾಗ ಆ ಬೆಸುಗೆ ಬಿಟ್ಟರೆ ಸವಾರನ ಕೈಯಲ್ಲಿ ಹ್ಯಾಂಡಲ್ ಮಾತ್ರ ಉಳಿಯುತ್ತದೆ. ವೆಲ್ಡಿಂಗ್ ಸಾಕು ಎನ್ನುವ ಗ್ಯಾರೇಜಿನಿಂದ ಗಾಡಿ ವಾಪಸು ತರುವುದೇ ಒಳ್ಳೆಯದು.

ಎರಡನೆಯದು ಕಣ್ಣಿಗೆ ಕಾಣದ ಲೆಕ್ಕ. ಹ್ಯಾಂಡಲ್ ತಿರುಗುವ ಓರೆಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಅದು ತುಸು ಮುಂದೆ ಬೀಳುತ್ತದೆ. ಈ ಅಂತರವೇ ಟ್ರೇಲ್. ರಸ್ತೆ ಬೈಕುಗಳಲ್ಲಿ ಸಾಮಾನ್ಯವಾಗಿ 80ರಿಂದ 110 ಮಿ.ಮೀ. ಗಾಡಿ ನೇರಕ್ಕೆ ಓಡುವುದು ಇದರ ಬಲದಿಂದ. ಎರಡು ಚಕ್ರಗಳ ನಡುವೆ 1,250 ಮಿ.ಮೀ. ಇರುವ ಬೈಕಿನಲ್ಲಿ ಮುಂಭಾಗ 25 ಮಿ.ಮೀ. ತಗ್ಗಿದರೆ ಫೋರ್ಕಿನ ಓರೆ 1 ಡಿಗ್ರಿಗಿಂತ ತುಸು ಹೆಚ್ಚು ನೆಟ್ಟಗಾಗುತ್ತದೆ. 18 ಇಂಚಿನ ಚಕ್ರದ ಬದಲು 17 ಇಂಚಿನದು ಹಾಕಿದರೆ, ಟೈರಿನ ಎತ್ತರ ಒಂದೇ ಇದ್ದರೂ, ಅರ್ಧ ಇಂಚು ತಗ್ಗುತ್ತದೆ. ಎರಡೂ ಕೂಡಿದರೆ ಟ್ರೇಲ್ ಕರಗುತ್ತದೆ: ಗಲ್ಲಿಯಲ್ಲಿ ಹ್ಯಾಂಡಲ್ ಹಗುರ, ಹೆದ್ದಾರಿಯಲ್ಲಿ ನಡುಕ. ಆದ್ದರಿಂದಲೇ ಅನುಭವಸ್ಥರು ಹಳೆಯದನ್ನು ಬಿಚ್ಚುವ ಮೊದಲು ಆಕ್ಸಲಿನಿಂದ ಮೇಲಿನ ಟೀವರೆಗೆ ಅಳೆದು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಡುತ್ತಾರೆ. ಹೊಸ ಫೋರ್ಕು ಗಿಡ್ಡವಿದ್ದರೆ ಅದನ್ನು ಟೀಯಲ್ಲಿ ಕೆಳಕ್ಕಿಳಿಸಿ, ಉದ್ದವಿದ್ದರೆ ಮೇಲಕ್ಕೇರಿಸಿ ಆ ಅಂಕಿಗೆ ತರುತ್ತಾರೆ.

ಜೋಡಿಸಿದ ಮೇಲೆ ಸ್ಪ್ರಿಂಗ್ ತೆಗೆದು ಫೋರ್ಕನ್ನು ತಳಮುಟ್ಟ ಅದುಮಿ ನೋಡುವುದೂ ಉಂಟು. ದೊಡ್ಡ ಗುಂಡಿಗೆ ಇಳಿದಾಗ ಮಡ್‌ಗಾರ್ಡು ಹಾರ್ನಿಗೋ ಸೈಲೆನ್ಸರಿಗೋ ತಾಗುತ್ತದೆಯೇ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫೋರ್ಕು ಟ್ಯಾಂಕಿಗೆ ಬಡಿಯುತ್ತದೆಯೇ ಎಂದು ಗ್ಯಾರೇಜಿನಲ್ಲೇ ತಿಳಿಯುತ್ತದೆ.

ಡ್ರಮ್ಮಿಗೇ ಅಂಟಿಕೊಂಡು ದೊಡ್ಡ ಡ್ರಮ್ಮಿನ ಚಕ್ರ ಹಾಕಿಸುವವರೂ ಇದ್ದಾರೆ. ಅವರು ಒಂದು ಸಣ್ಣ ಗುಬುಟನ್ನು ಮರೆಯಬಾರದು. ಫೋರ್ಕಿನ ಕಾಲಿನಲ್ಲಿರುವ ಆ ಗುಬುಟು ಬ್ರೇಕ್ ಪ್ಲೇಟಿನ ಸೀಳಿನೊಳಗೆ ಕೂತು, ಪ್ಲೇಟು ಚಕ್ರದ ಜೊತೆ ಸುತ್ತದಂತೆ ತಡೆಯುತ್ತದೆ. ಅದು ಕೂಡಿಕೊಳ್ಳದಿದ್ದರೆ ಬ್ರೇಕ್ ಒತ್ತಿದಾಗ ಪ್ಲೇಟು ಸುತ್ತಿ, ಕೇಬಲ್ ಹರಿದು, ಚಕ್ರ ಲಾಕ್ ಆಗುತ್ತದೆ.

ಚಕ್ರ ಕಟ್ಟುವುದು ಇನ್ನೊಂದೇ ವಿದ್ಯೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಳೆ ರಿಮ್ಮು, ಹೊಸ ಹಬ್ಬು, 36 ಕಡ್ಡಿ. ಮೇಸ್ತ್ರಿ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸುತ್ತಾನೆ. ರಿಮ್ಮಿನ ಅಂಚಿಗೆ ಹಿಡಿದ ಚಾಕ್‌ಪೀಸು ಎಲ್ಲಿ ಗೆರೆ ಎಳೆಯಿತೋ ಅಲ್ಲಿ ಬೆಂಡ್. ಒಂದು ಬದಿಯ ಕಡ್ಡಿ ಅರ್ಧ ಸುತ್ತು ಬಿಗಿ, ಎದುರು ಬದಿಯದು ಅರ್ಧ ಸುತ್ತು ಸಡಿಲ. ಕೊನೆಗೆ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿ ತಟ್ಟುತ್ತಾ ಹೋಗುತ್ತಾನೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಟಪ್ ಎನ್ನುತ್ತದೆ. ಅಕ್ಕಪಕ್ಕದ ಗದ್ದಲದ ನಡುವೆಯೂ ಆ ಕಿವಿ ತಪ್ಪುವುದಿಲ್ಲ.

ಮೈಸೂರಿನ ಮಾತು ತುಸು ಬೇರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಊರಿನಲ್ಲಿ ಆ ಗಾಡಿಗಳ ಮೇಲಿನ ಮಮತೆ ಬತ್ತಿಲ್ಲ. 16 ಇಂಚಿನ ಚಕ್ರದ ಹಳೆ ಜಾವಾಗೆ ಯೆಜ್ಡಿಯ 18 ಇಂಚಿನ ಚಕ್ರ ತೊಡಿಸಿದರೆ ಅದರ ನಿಲುವೇ ಕೆಡುತ್ತದೆ, ಬೇಡ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮವೂ ಮೂಲರೂಪವನ್ನೇ ಕೇಳುತ್ತದೆ.

ಕಾನೂನು ಉಳಿದ ಬೈಕುಗಳಿಗೂ ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ. ಆದ್ದರಿಂದ ಮೊದಲು ಆರ್‌ಟಿಒದಲ್ಲಿ ವಿಚಾರಿಸಬೇಕು. ಏನೇ ಆದರೂ ಚೆಸ್ಸಿಗೆ ಗರಗಸ ಮುಟ್ಟಿಸಬಾರದು. ಬಿಚ್ಚಿದ ಹಳೆ ಸೆಟ್ಟನ್ನು ಎಣ್ಣೆ ಸವರಿ ಚೀಲದಲ್ಲಿ ಕಟ್ಟಿಡಬೇಕು, ಮುಂದೆ ವಾಪಸು ಕೂರಿಸಲು ಬರುವಂತೆ.

ಕೆಲಸ ಮುಗಿಸಿದ ದಿನ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮುಟ್ಟಿದರೆ ಅದು ಎರಡೂ ಬದಿಗೆ ತನ್ನ ಭಾರಕ್ಕೇ ವಾಲಬೇಕು, ಹಿಂದೆ ಮುಂದೆ ಅಲುಗಬಾರದು. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಕೋನ್ ಸೆಟ್ ಕೂತು ಸಡಿಲವಾಗುತ್ತದೆ, ಕಡ್ಡಿಗಳೂ ಜಗ್ಗಿರುತ್ತವೆ. ಆಗ ಗಾಡಿಯನ್ನು ಅದೇ ಮೇಸ್ತ್ರಿಯ ಬಳಿಗೆ ಇನ್ನೊಮ್ಮೆ ಒಯ್ಯಬೇಕು.