ಬ್ಲಫ್‌ನ ಕರೆಂಟೂ ಊರಿನ ನರ್ಸಮ್ಮನೂ

ಬ್ಲಫ್ (ಮಳವಳ್ಳಿ ತಾ.): ಇಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಮಳವಳ್ಳಿಗಲ್ಲ, ಮಂಡ್ಯಕ್ಕೂ ಅಲ್ಲ. 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ಆಮೇಲೆ 1905ರಲ್ಲಿ ಬೆಂಗಳೂರಿಗೆ. ನೀರು ನಮ್ಮದು, ಬೆಳಕು ಇನ್ಯಾರದೋ. ನರ್ಸಿಂಗ್ ಓದುವ ನಮ್ಮ ಹೆಣ್ಣುಮಕ್ಕಳ ವಿದ್ಯೆಯೂ ಇದೇ ತಂತಿಯ ದಾರಿ ಹಿಡಿದರೆ ಹೇಗೆ ಸ್ವಾಮಿ?

ಓದಿದವರು ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ. ಹೋಗಲಿ, ಸಂಬಳ ಯಾರಿಗೆ ಬೇಡ? ತಕರಾರು ಅದಲ್ಲ. ಓದುವಾಗ ಅವರು ಮಾಡುವ ಸಂಶೋಧನೆಯೂ ಊರಿಗೆ ದಕ್ಕದೆ ಹೋಗುತ್ತಿದೆಯಲ್ಲ, ತಕರಾರು ಅದು.

‘ನರ್ಸಮ್ಮನಿಗೆ ಎಂಥಾ ಸಂಶೋಧನೆ?’ ಎಂದು ನಗಬೇಡಿ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಬರೀ ದೀಪ ಹಿಡಿದು ಓಡಾಡಿದವಳಲ್ಲ. ಸತ್ತವರ ಲೆಕ್ಕ ಹಾಕಿ, ಗುಂಡೇಟಿಗಿಂತ ಕಾಯಿಲೆಗೇ ಹೆಚ್ಚು ಸೈನಿಕರು ಬಲಿಯಾದರೆಂದು ದೊಡ್ಡವರ ಮುಖಕ್ಕೆ ಹಿಡಿದು ತೋರಿಸಿದವಳು. ರೋಗಿಯ ಪಕ್ಕದಲ್ಲಿ ನಿಂತು ಕೇಳಿದ ಪ್ರಶ್ನೆ, ಅದಕ್ಕೆ ಎಣಿಸಿ ಕೊಟ್ಟ ಉತ್ತರ. ಸಂಶೋಧನೆ ಅಂದ್ರೆ ಇಷ್ಟೇ.

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಅದರ ಕೊನೆಯ ವರ್ಷದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರವೇ ಒಂದು ವಿಷಯ. ಪಿಯುಸಿಯಲ್ಲಿ ವಿಜ್ಞಾನ ತಗೊಳ್ಳದ ಹುಡುಗಿಗೂ ಬಾಗಿಲು ಮುಚ್ಚಿಲ್ಲ. ಜಿ.ಎನ್.ಎಂ. ಮೂರು ವರ್ಷ, ಮೇಲೆ ಎರಡು ವರ್ಷ ಓದಿದರೆ ಅದೇ ಬಿ.ಎಸ್ಸಿ. ಪದವಿ. ಮುಂದೆ ಎಂ.ಎಸ್ಸಿ., ಪಿಎಚ್.ಡಿ. ತನಕ ಏಣಿ ಇದೆ. ತಂದೆತಾಯಂದಿರೇ, ದುಡ್ಡು ಕಟ್ಟುವ ಮುಂಚೆ ಬಿ.ಎಸ್ಸಿ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಎಂದು ಮಾತ್ರ ಕೇಳಿ ತಿಳ್ಕೊಳ್ಳಿ.

ಆದರೆ ವಿದ್ಯಾರ್ಥಿನಿಯರ ವರದಿಗಳ ಗತಿಯೇನು? ಟೈಪಾಗಿ, ರಟ್ಟು ಹೊದ್ದು, ಮಾರ್ಕು ಪಡೆದು ಲೈಬ್ರರಿ ಬೀರು ಸೇರಿದರೆ ಮುಗೀತು. ನಮ್ಮಲ್ಲಿ ಪ್ರಶ್ನೆಗಳಿಗೇನು ಬರವೇ? ಬಸುರಿಯರಿಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯಲ್ಲಿ ಹೊಟ್ಟೆಗೆ ಹೋಗುವುದೆಷ್ಟು, ಗೂಡಿನಲ್ಲಿ ಕೂರುವುದೆಷ್ಟು? ನುಂಗದವರು ವಾಕರಿಕೆಗೆ ಹೆದರಿದರೋ, ಮಲ ಕಪ್ಪಾದದ್ದಕ್ಕೋ? ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದವರು ಆಸ್ಪತ್ರೆ ಸೇರಲು ಎಷ್ಟು ಹೊತ್ತಾಯಿತು, ನಡುವೆ ಮಂತ್ರ ಹಾಕುವವರ ಮನೆಯಲ್ಲಿ ಕಳೆದದ್ದೆಷ್ಟು? ಲಕ್ವ ಹೊಡೆದು ಮಲಗಿದ ಅಜ್ಜನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಸೊಸೆಗೆ ಹೇಳಿಕೊಟ್ಟವರುಂಟೇ? ಹೇಳಿಕೊಟ್ಟ ಮನೆಯಲ್ಲಿ ಬೆನ್ನಹುಣ್ಣು ಕಮ್ಮಿಯಾಯಿತೇ?

ಈ ಪ್ರಶ್ನೆಗಳು ದಿನವೂ ಎದುರಾಗುವುದು ಉಪಕೇಂದ್ರದ ನರ್ಸಮ್ಮನಿಗೆ. ಸರ್ಕಾರದ ಕಾಗದದಲ್ಲಿ ಆಕೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಬಯಲು ಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬುದು ನಿಯಮ. ಚುಚ್ಚುಮದ್ದು, ಹೆರಿಗೆ, ರಿಜಿಸ್ಟರು ಎಲ್ಲ ಆಕೆಯ ತಲೆಗೇ. ಅನುಭವ ಬೆಟ್ಟದಷ್ಟಿದೆ, ಕೂತು ಲೆಕ್ಕ ಹಾಕಲು ಪುರುಸೊತ್ತಿಲ್ಲ. ಅತ್ತ ವಿದ್ಯಾರ್ಥಿನಿಗೆ ಲೆಕ್ಕ ಹಾಕುವ ವಿದ್ಯೆ ಇದೆ, ಊರಿನ ಅನುಭವವಿಲ್ಲ. ಇಬ್ಬರನ್ನೂ ಒಂದು ಜಗಲಿ ಮೇಲೆ ಕೂರಿಸಲು ಕೋಟಿ ರೂಪಾಯಿ ಯೋಜನೆ ಬೇಕೇನ್ರೀ?

ಆರೋಗ್ಯಾಧಿಕಾರಿಗಳು ತಾಲ್ಲೂಕಿನ ನರ್ಸಮ್ಮಂದಿರಿಂದ ವರ್ಷಕ್ಕೆ ಹತ್ತು ಪ್ರಶ್ನೆ ಬರೆಸಿಕೊಳ್ಳಲಿ. ಕಾಲೇಜುಗಳು ಅವನ್ನೇ ಹುಡುಗಿಯರಿಗೆ ಕೊಡಲಿ. ಮುಗಿದ ವರದಿಯನ್ನು ಎರಡು ಪುಟದ ಕನ್ನಡದಲ್ಲಿ ಬರೆದು ಆಯಾ ಊರಿನ ಆರೋಗ್ಯ ಕೇಂದ್ರದಲ್ಲಿ ಓದಿ ಹೇಳಲಿ. ಮಾತ್ರೆ ಗೂಡಿನಲ್ಲಿಟ್ಟ ಹೆಂಗಸು ಅಲ್ಲಿ ಕೂತು ಕೇಳಲಿ. ವರದಿ ತಪ್ಪಿದ್ದರೆ ಮೊದಲು ಎದ್ದು ಹೇಳುವವಳು ಅವಳೇ.