ಬೆಲೆ ಏರಿಕೆಗೆ ಕೊಟ್ಟಿಗೆಯಲ್ಲೇ ಪರಿಹಾರ

ಉರುವಲು, ತರಕಾರಿಗಳ ಬೆಲೆ ಏರಿದಾಗ ರೈತ ಕುಟುಂಬವು ಮೊದಲು ತನ್ನ ಕೊಟ್ಟಿಗೆಯತ್ತ ನೋಡುವುದು ಲೇಸು. ನಾಲ್ಕೈದು ದೊಡ್ಡ ದನಗಳಿಂದ ದಿನಕ್ಕೆ ಸುಮಾರು 50 ಕಿ.ಗ್ರಾಂ. ಸಗಣಿ ದೊರೆಯುತ್ತದೆ. ಇಷ್ಟಿದ್ದರೆ 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರ ನಡೆಸಬಹುದು. ಐದಾರು ಮಂದಿಯ ಅಡುಗೆಗೆ ಅನಿಲ ಸಾಕಾಗುತ್ತದೆ. 1 ಘನ ಮೀಟರ್ ಗೋಬರ್ ಅನಿಲವು ಸುಮಾರು 0.43 ಕಿ.ಗ್ರಾಂ. ಸಿಲಿಂಡರ್ ಅನಿಲಕ್ಕೆ ಸಮ.

ಸಗಣಿಗೆ ಸಮ ಪ್ರಮಾಣದ ನೀರು ಬೆರೆಸಿ, ಕಸಕಡ್ಡಿ ತೆಗೆದು ಪ್ರತಿದಿನ ಹಾಕಬೇಕು. ಸೋಪಿನ ನೀರು, ಫಿನಾಯಿಲ್ ಸೇರಿದರೆ ಅನಿಲ ಉತ್ಪಾದಿಸುವ ಜೀವಾಣುಗಳು ಸಾಯುತ್ತವೆ. ಚಳಿಗಾಲದಲ್ಲಿ ಅನಿಲ ತಗ್ಗುವುದರಿಂದ ಸ್ವಲ್ಪ ಸೌದೆ ಕೂಡಿಟ್ಟಿರಬೇಕು.

ಬೆರಣಿ ತಟ್ಟಿ ಸುಟ್ಟರೆ ಸಗಣಿಯ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಸ್ಥಾವರದಲ್ಲಾದರೆ ಬಹುಪಾಲು ಬಗ್ಗಡದಲ್ಲೇ ಉಳಿಯುತ್ತದೆ. ಆ ಬಗ್ಗಡವನ್ನು ಹಿತ್ತಲಿನ ಬದನೆ, ಬೆಂಡೆ, ಸೊಪ್ಪಿನ ಮಡಿಗಳಿಗೆ ಕೊಟ್ಟರೆ ಸಂತೆಯ ಖರ್ಚೂ ಇಳಿಯುತ್ತದೆ.